ಗ್ರೂಪಿನ ನಿಯಮ

ಸ್ಟ್ರೆಚರ್ ಆಪರೇಷನ್ ಥಿಯೇಟರಿನ ಕಡೆಗೆ ಉರುಳುತ್ತಿತ್ತು. ಇಂಚರಾ ಅದರ ಅಂಚು ಹಿಡಿದು ಜೊತೆಗೇ ಓಡುತ್ತಿದ್ದಳು. ಪತ್ತೇದಾರಿ ಸೀರೀಸೊಂದರ ಅಭಿಮಾನಿಗಳ ಗ್ರೂಪಿಗೆ ಅವಳೇ ಅಡ್ಮಿನ್. ‘ಸ್ಪಾಯ್ಲರ್’ ಎಂದು ಮೊದಲೇ ಎಚ್ಚರಿಸದೆ ಕತೆಯ ಗುಟ್ಟು ಬರೆದದ್ದಕ್ಕೆ ಸ್ವಂತ ಅಣ್ಣನನ್ನೇ ಗ್ರೂಪಿನಿಂದ ಹೊರಹಾಕಿದ್ದಳು. ಕೊನೆಯ ಕಂತನ್ನು ಅವಳು ನೋಡಿಯಾಗಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದ ಅಣ್ಣ ವಾರವಿಡೀ ಗೋಗರೆದರೂ ಅವಳು ಬಾಯಿ ಬಿಟ್ಟಿರಲಿಲ್ಲ.

“ಅಣ್ಣಾ, ಕೊಲೆ ಮಾಡಿದ್ದು ಯಾರು ಅಂತ ಹೇಳ್ಬಿಡ್ಲಾ?”

ಸ್ಟ್ರೆಚರಿನ ಮೇಲಿದ್ದ ಅಣ್ಣ ನಕ್ಕ. “ಏನೇ ಅಡ್ಮಿನಮ್ಮ, ನಿನ್ನ ರೂಲ್ಸೆಲ್ಲ ಎಲ್ಲಿ ಹೋಯ್ತು?”

“ಇರ್ಲಿ, ಈಗ್ಲೇ ಕೇಳ್ಕೋ.”

ಅವನ ನಗು ನಿಂತಿತು. “ಡಾಕ್ಟ್ರು ನಿಂಗೇನಂದ್ರು?”

ಅವಳು ಮುಖ ತಿರುಗಿಸಿದಳು.

“ಬೇಡ. ಎರಡನ್ನೂ ಹೇಳ್ಬೇಡ.”