ಮಡಿಲಿಗೆ ಬಿದ್ದ ಲಂಗರು

ಚಿಮಟದಿಂದ ಜಾರಿದ ಲಂಗರು ಏಪ್ರನ್ನಿನ ಮಡಿಲಿಗೆ ಬಿತ್ತು. ಎಳ್ಳುಕಾಳಿಗಿಂತ ತುಸು ದೊಡ್ಡದು, ಅಷ್ಟೇ. ತಾವು ಬಿಡುವಿನಲ್ಲಿ ಜೋಡಿಸುತ್ತಿದ್ದ ಅಂಗೈಯುದ್ದದ ಮಾದರಿ ಹಡಗಿನ ಒಂದು ಚೂರೂ ಕಳೆಯಬಾರದೆಂದು ಹಲ್ಲಿನ ಡಾಕ್ಟರು ಫ್ಯಾನು ಆರಿಸಿ, ಏಪ್ರನ್ನಿನ ಕೆಳ ಅಂಚನ್ನು ಮೇಜಿಗೆ ಕ್ಲಿಪ್ಪು ಹಾಕಿ ಜೋಳಿಗೆ ಮಾಡಿಕೊಂಡಿದ್ದರು. ಲಂಗರು ಕಳೆಯಲಿಲ್ಲ. ಆದರೆ ಬೆಳಗಿನಿಂದ ಇದು ಮೂರನೆಯ ಸಲ.

"ಮತ್ತೆ ಜಾರಿತಾ? ಪುಣ್ಯಕ್ಕೆ ನಿಮ್ಮ ಜೋಳಿಗೆ ಇದೆ," ಎಂದು ಹೆಂಡತಿ ನಕ್ಕಳು.

"ಚಿಮಟ ಸವೆದಿದೆ ಕಣೇ."

"ಮೊನ್ನೆ ತಾನೇ ತಂದಿದ್ದಲ್ವಾ?"

ಅವರು ಚಿಮಟವನ್ನು ಮೇಜಿನ ಮೇಲಿಟ್ಟರು. ತಪ್ಪು ಚಿಮಟದ್ದಾಗಿರಲಿಲ್ಲ, ಅವರು ಬಿಗಿಯಾಗಿ ಹಿಡಿದಿದ್ದಾಗಲೇ ಎರಡು ಬೆರಳು ತಾವಾಗಿಯೇ ಸಡಿಲಗೊಂಡಿದ್ದವು. ಹೆಂಡತಿ ಲಂಗರನ್ನು ಹೆಕ್ಕಿ ಅವರ ಅಂಗೈಮೇಲಿಟ್ಟಳು. ಅದು ಒಂದೆಡೆ ನಿಲ್ಲಲೇ ಇಲ್ಲ. ಸಣ್ಣಗೆ ಅದುರುತ್ತ, ಸರಿಯುತ್ತ ಅಂಗೈಯ ಅಂಚಿಗೆ ಬಂತು. ಆಕೆಯ ನಗು ಅಲ್ಲೇ ಸತ್ತಿತು. ಎರಡೂ ಕೈಗಳಿಂದ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾವಾಗಿಂದ ರೀ?"

"ತಿಂಗಳಾಯ್ತು. ಸುಸ್ತು ಅಂದ್ಕೊಂಡಿದ್ದೆ."

ಕ್ಲಿನಿಕ್ಕಿನ ಬಾಗಿಲು ತೆರೆಯಲು ಇನ್ನೊಂದೇ ಗಂಟೆಯಿತ್ತು. ಕುರ್ಚಿಯಲ್ಲಿ ಮೊದಲಿಗೆ ಕಣ್ಣು ಮುಚ್ಚಿ ಬಾಯಿ ತೆರೆಯಲಿರುವ ಹೆಂಗಸು, ಅವಳ ನಾಲಿಗೆಯ ಪಕ್ಕದಲ್ಲೇ ಗಿರ್ರೆಂದು ತಿರುಗುವ ಡ್ರಿಲ್ಲಿನ ಸೂಜಿಮೊನೆ, ಅದನ್ನು ಹಿಡಿದ ಇದೇ ಬೆರಳುಗಳು. ಎಲ್ಲ ಅವರ ಕಣ್ಣ ಮುಂದೆ ಬಂತು.

"ನರ್ಸಿಗೆ ಫೋನ್ ಮಾಡು," ಎಂದರು. "ಇವತ್ತು ಯಾರನ್ನೂ ಕೂರಿಸೋದು ಬೇಡ ಅನ್ನು."

"ನಾಳೆ ಬರೋಕೆ ಹೇಳಲಾ?"

ಡಾಕ್ಟರು ಹೆಂಡತಿಯ ಹಿಡಿತದೊಳಗೂ ನಡುಗುತ್ತಿದ್ದ ತಮ್ಮ ಕೈಯನ್ನು ನೋಡಿದರು.

"ನಾಳೇನೂ ಬೇಡ."