ನಕ್ಷತ್ರವಿಲ್ಲದ ಸೇಬು

ಲೊವೆನ್ನಾ ಸೇಬಿನ ಸಿಪ್ಪೆ ಹೆರೆದು, ಉದ್ದಕ್ಕೆ ಸೀಳಿ, ಬೀಜ ತೆಗೆದು ತೆಳ್ಳಗೆ ಹೆಚ್ಚತೊಡಗಿದಾಗ, ಇಂಗ್ಲೆಂಡಿನ ಕಾರ್ನ್‌ವಾಲಿನ ಆ ಗುಡ್ಡದ ಮೇಲೆ ವೃತ್ತವಾಗಿ ನಿಂತವರೆಲ್ಲ ಕತ್ತು ಚಾಚಿ ನೋಡಿದರು. ಸೆಪ್ಟೆಂಬರಿನಲ್ಲಿ ಹಗಲಿರುಳು ಸಮವಾಗುವ ದಿನದ ಮೇಬನ್ ಸುಗ್ಗಿ ಹಬ್ಬದಂದು ಸೇಬನ್ನು ಅಡ್ಡಕ್ಕೆ ಕೊಯ್ದು, ಒಳಗಿರುವ ಐದು ಮೊನೆಯ ನಕ್ಷತ್ರವನ್ನು ಎಲ್ಲರಿಗೂ ತೋರಿಸಬೇಕು. ಹತ್ತೊಂಬತ್ತು ವರ್ಷ ಅವಳೇ ತೋರಿಸಿದ್ದಳು.

"ಏನೇ ಇದು, ನಕ್ಷತ್ರ ಎಲ್ಲಿ?" ಎಂದಳು ಪಕ್ಕದಲ್ಲಿದ್ದ ಮುದುಕಿ ಹೆಸ್ಟರ್. "ಹಬ್ಬ ಬಿಟ್ಟು ಜಾಮ್ ಮಾಡೋಕೆ ಹೊರಟ್ಯಾ?"

ಲೊವೆನ್ನಾ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಗಂಡ ಡೆನ್ಜಿಲ್ ಹಾಸಿಗೆ ಹಿಡಿದಂದಿನಿಂದ ಜುಲೈಯಲ್ಲಿ ತೀರಿಕೊಳ್ಳುವವರೆಗೂ ದಿನಾ ಅವನಿಗೆ ಸೇಬನ್ನು ಹೀಗೇ ಹೆಚ್ಚಿ ತಿನ್ನಿಸಿದ್ದಳು. ಈಗಲೂ ಅಳು ಬರಲಿಲ್ಲ. ಮಣ್ಣು ಮಾಡಿದ ದಿನವೂ ಬಂದಿರಲಿಲ್ಲ.

"ಹೋಗ್ಲಿ ಬಿಡು, ತಿನ್ನಿಸು," ಎಂದು ಹೆಸ್ಟರ್ ಬಾಯಿ ತೆರೆದಳು. ಹಬ್ಬದ ಸೇಬನ್ನು ಪಕ್ಕದವರಿಗೆ ತಿನ್ನಿಸುವವರು 'ನಿನಗೆಂದೂ ಹಸಿವಾಗದಿರಲಿ' ಎಂದು ಹರಸುವುದು ಪದ್ಧತಿ. ಲೊವೆನ್ನಾ ಒಂದು ಹೋಳನ್ನು ಅವಳ ನಾಲಿಗೆಯ ಮೇಲಿಟ್ಟು, ಗದ್ದದ ಕೆಳಗೆ ಅಂಗೈ ಒಡ್ಡಿದಳು.

"ಮೆಲ್ಲಗೆ ಅಗಿ. ಅವಸರ ಏನಿಲ್ಲ."

ಯಾರೂ ತಿದ್ದಲಿಲ್ಲ. ಹಲ್ಲು ಇನ್ನೂ ಗಟ್ಟಿಯಿದ್ದ ಹೆಸ್ಟರ್ ಮೆಲ್ಲಗೆ, ತುಂಬಾ ಮೆಲ್ಲಗೆ ಅಗಿಯುತ್ತಲೇ ಇದ್ದಳು, ಆ ಅಂಗೈ ತಾನಾಗಿ ಕೆಳಗಿಳಿಯುವವರೆಗೂ.