ಇನ್ನೂರ ಹನ್ನೆರಡು ಓದುಗರು

ಕಮಲಾಪುರದ ನೆಟ್ ಅಂಗಡಿಯಲ್ಲಿ ಜಹಾಂಗೀರನ ಬೆರಳು ರಿಜಿಸ್ಟರಿನ ನೂರ ನಲವತ್ತನೇ ಹೆಸರಿನ ಮೇಲಿತ್ತು. ಆ ಹೆಸರಿನ ಪಾಸ್‌ವರ್ಡ್ ಒತ್ತಿ, ಬಂದಿದ್ದ ಇಮೇಲ್ ತೆರೆದು, ಮುಚ್ಚಿ, ಬೆರಳನ್ನು ಮುಂದಿನ ಹೆಸರಿಗೆ ಇಳಿಸಿದ. ಪೇಢಾ ಡಬ್ಬಿ ಹಿಡಿದು ಅವನ ಬೆನ್ನ ಹಿಂದೆ ಬಂದು ನಿಂತ ಚಂದ್ರಶಾನಿಗೆ ಪರದೆಯಲ್ಲಿ ಕಂಡದ್ದು ತನ್ನದೇ ಪತ್ರ. ತೊಗರಿ ಧಾರಣೆ ತಿಳಿಸಲು ಅವನ ವೆಬ್‌ಸೈಟಿನಿಂದ ಪ್ರತಿ ಸೋಮವಾರ ತಾನಾಗಿಯೇ ರೈತರಿಗೆ ಹೋಗುವ ಪತ್ರ.

ಆ ರೈತರ ಹೆಸರುಗಳನ್ನು ಚಂದ್ರಶಾ ಎರಡು ವರ್ಷ ಸಂತೆ ಸುತ್ತಿ ಬರೆದುಕೊಂಡಿದ್ದ. ಅವರಿಗೆಲ್ಲ ಇಮೇಲ್ ಮಾಡಿಕೊಟ್ಟು, ಪಾಸ್‌ವರ್ಡುಗಳನ್ನು ರಿಜಿಸ್ಟರಿನಲ್ಲಿ ಬರೆದಿಟ್ಟವನು ಅಂಗಡಿ ನಡೆಸುವ ಜಹಾಂಗೀರ. ಪತ್ರ ತೆರೆದವರನ್ನು ಎಣಿಸುವ ವೆಬ್‌ಸೈಟ್, ಇನ್ನೂರ ಹನ್ನೆರಡು ಮಂದಿಯೂ ಪ್ರತಿ ವಾರ ಓದುತ್ತಾರೆಂದು ತೋರಿಸುತ್ತಿತ್ತು.

ಹೊರಳಿ ನೋಡಿದ ಜಹಾಂಗೀರ ತಲೆ ತಗ್ಗಿಸಿದ. "ಯಾರೂ ತೆರೀತಿರಲಿಲ್ಲರೀ. ಮಂದಿಗಿ ಪಾಸ್‌ವರ್ಡ್ ಸೈತ ನೆನಪಿಲ್ಲ. ಮೊದಲ ವಾರ ಸೊನ್ನಿ ನೋಡಿ ನೀವು ಮಾರಿ ಸಣ್ಣದು ಮಾಡ್ಕೊಂಡ್ರಿ. ಅದಕ್ಕ ನಾನೇ..." ಅವನ ಕಣ್ಣು ಡಬ್ಬಿಯ ಮೇಲೆ ಬಿತ್ತು. "ಪೇಢಾ ಯಾಕ್ರೀ?"

"ಓದೋರು ಇಷ್ಟು ಮಂದಿ ಅದಾರಂತ ಧೈರ್ಯ ಬಂತು," ಅಂದ ಚಂದ್ರಶಾ. "ಮುಂಜಾನಿ ಕಲಬುರಗಿ ದಾಲ್ ಮಿಲ್ಲಿನ ನೌಕರಿ ಬಿಟ್ಟು ಬಂದೀನಿ."

ಜಹಾಂಗೀರನ ಬೆರಳು ನೂರ ನಲವತ್ತೊಂದನೇ ಹೆಸರಿನ ಮೇಲೆಯೇ ಉಳಿಯಿತು.